ಕೀಲೆಣ್ಣೆಯಿಂದ ಆಯಿಲ್ ಪಂಪಿನವರೆಗೆ

ತಲಕಾಡು ಎಂದೊಡನೆ ನೆನಪಾಗುವುದು ಮರಳು. ಗಂಗರು ಆಳಿದ, ಚೋಳರು ವಶಪಡಿಸಿಕೊಂಡ, ಆಮೇಲೆ ಹೊಯ್ಸಳ ವಿಷ್ಣುವರ್ಧನ ಗೆದ್ದು ‘ತಲಕಾಡುಗೊಂಡ’ ಎಂಬ ಬಿರುದು ಪಡೆದ ಈ ಕಾವೇರಿ ದಂಡೆಯ ಊರಿನ ಗುಡಿಗಳು ಕಾಲಕ್ರಮೇಣ ಮರಳಿನಡಿ ಹೂತುಹೋದವು. ಅಲಮೇಲಮ್ಮನ ಶಾಪವೇ ಇದಕ್ಕೆ ಕಾರಣವೆಂಬುದು ಜನರ ನಂಬಿಕೆ. ಹೊಳೆಯ ಮರಳನ್ನು ಗಾಳಿ ಹೊತ್ತು ತಂದು ಸುರಿಯಿತೆಂಬುದು ಅದರ ಭೌತಿಕ ವಿವರಣೆ. ಒಂದೊಂದು ಕಾಳಿಗೆ ತೂಕವಿಲ್ಲ. ಒಟ್ಟಾದರೆ ಊರನ್ನೇ ಮುಚ್ಚುತ್ತದೆ.

ಇಲ್ಲಿ ವರ್ಷಗಳ ಅಂತರದಲ್ಲಿ ಪಂಚಲಿಂಗ ದರ್ಶನ ನಡೆಯುತ್ತದೆ. 2009, 2013 ಮತ್ತು 2020ರಲ್ಲಿ ನಡೆದಿತ್ತು. ಹಿಂದೆ ಇಂಥ ಜಾತ್ರೆ, ದರ್ಶನಗಳಿಗೆ ಜನ ಗಾಡಿ ಕಟ್ಟಿಕೊಂಡು ಹೋಗುತ್ತಿದ್ದರು. ಈಗ ಬಸ್ಸು, ಕಾರುಗಳಲ್ಲಿ ಬರುತ್ತಾರೆ. ವಾಹನ ಬದಲಾದರೂ ಅದರ ಒಂದು ಬೇಡಿಕೆ ಮಾತ್ರ ಬದಲಾಗಿಲ್ಲ: ತಿರುಗುವ ಲೋಹಕ್ಕೆ ಎಣ್ಣೆ ಬೇಕು.

ಎತ್ತಿನ ಗಾಡಿಯವರು ಹರಳೆಣ್ಣೆಗೆ ಸುಟ್ಟ ಹುಲ್ಲಿನ ಮಸಿ ಕಲಸಿ ಕೀಲೆಣ್ಣೆ ಮಾಡುತ್ತಿದ್ದರು. ಕಡಾಣಿ ಕಿತ್ತು, ಚಕ್ರವನ್ನು ಸ್ವಲ್ಪ ಹೊರಗೆಳೆದು, ಅಚ್ಚಿಗೆ ಅದನ್ನು ಬಳಿಯುತ್ತಿದ್ದರು. ಎಣ್ಣೆ ಆರಿದರೆ ಗಾಡಿ ಕಿರುಗುಟ್ಟುತ್ತಿತ್ತು. ಆ ಸದ್ದು ಊರಿಗೆಲ್ಲ ಕೇಳುತ್ತಿದ್ದುದರಿಂದ ಮರೆಯಲು ಸಾಧ್ಯವಿರಲಿಲ್ಲ. ಗಾಡಿಗೆ ಎಣ್ಣೆ ಕೊಡುತ್ತಿದ್ದುದು ಮನುಷ್ಯನ ಕೈ, ಎಚ್ಚರಿಸುತ್ತಿದ್ದುದು ಅವನ ಕಿವಿ.

ಮೋಟಾರು ಬಂದ ಮೇಲೂ ಹಲವು ಬಗೆಯ ಏರ್ಪಾಡುಗಳಿದ್ದವು. 1908ರಲ್ಲಿ ಬಂದ ಫೋರ್ಡ್ ‘ಟಿ’ ಮಾದರಿಯ ಕಾರಿನಲ್ಲಿ ಆಯಿಲ್ ಪಂಪೇ ಇರಲಿಲ್ಲ. ತಿರುಗುವ ಭಾಗಗಳು ತಳದ ಎಣ್ಣೆಯನ್ನು ಎರಚಿಕೊಳ್ಳುತ್ತಿದ್ದವು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚುವವರೆಗೆ ತಯಾರಿಸಿದ ಟೂ-ಸ್ಟ್ರೋಕ್ ಮೋಟಾರು ಸೈಕಲ್ಲುಗಳಲ್ಲಿ ಹೆಚ್ಚಿನವಕ್ಕೆ ಪೆಟ್ರೋಲಿಗೇ ಆಯಿಲ್ ಬೆರೆಸಬೇಕಿತ್ತು. ಕಾರಿನ ಇಂಜಿನ್ನಿಗೆ ವೇಗ, ಭಾರ ಹೆಚ್ಚಿದಂತೆ ಎರಚಾಟ ಸಾಲದೆ ಪಂಪು ಅನಿವಾರ್ಯವಾಯಿತು.

ಇಂಜಿನ್ನಿನ ಅಡಿಯಲ್ಲಿರುವ ಆಯಿಲ್ ಚೇಂಬರಿನಲ್ಲಿ ಎಣ್ಣೆ ತುಂಬಿರುತ್ತದೆ. ಪಂಪು ಅದನ್ನು ಒಂದು ಜಾಲರಿಯ ಮೂಲಕ ಹೀರುತ್ತದೆ. ಪಂಪಿನೊಳಗೆ ಒಂದಕ್ಕೊಂದು ಕಚ್ಚಿಕೊಂಡು ತಿರುಗುವ ಎರಡು ಹಲ್ಲಿನ ಚಕ್ರಗಳಿರುತ್ತವೆ. ಹಲವು ಕಾರುಗಳಲ್ಲಿ ಒಂದರೊಳಗೊಂದು ತಿರುಗುವ ರೋಟರುಗಳಿರುತ್ತವೆ. ಅವುಗಳ ನಡುವಿನ ಎಡೆ ಒಂದು ಕಡೆ ಹಿಗ್ಗುವಾಗ ಎಣ್ಣೆ ಒಳಗೆ ಬರುತ್ತದೆ, ಇನ್ನೊಂದು ಕಡೆ ಕುಗ್ಗುವಾಗ ಒತ್ತಡದಿಂದ ಹೊರಗೆ ಹೋಗುತ್ತದೆ. ಒತ್ತಡ ಮಿತಿಮೀರಿದರೆ ಸ್ಪ್ರಿಂಗಿನ ವಾಲ್ವೊಂದು ತೆರೆದು ಹೆಚ್ಚಾದ ಎಣ್ಣೆಯನ್ನು ಹಿಂದಕ್ಕೆ ಬಿಡುತ್ತದೆ. ಉಳಿದದ್ದು ಫಿಲ್ಟರಿನಲ್ಲಿ ಸೋಸಿ ಕ್ರ್ಯಾಂಕಿನ ಬೇರಿಂಗುಗಳಿಗೂ ಮೇಲಿನ ವಾಲ್ವುಗಳಿಗೂ ಹೋಗುತ್ತದೆ. ಅಲ್ಲಿ ಲೋಹ ಲೋಹಕ್ಕೆ ತಾಗದಂತೆ ತಡೆಯುವ ಎಣ್ಣೆಯ ಪೊರೆ ತಲೆಗೂದಲಿಗಿಂತ ಎಷ್ಟೋ ಪಾಲು ತೆಳು.

ಈ ದಾರಿಯಲ್ಲಿ ಗಮನಿಸಬೇಕಾದ ಒಂದು ಸಂಗತಿಯಿದೆ. ಫಿಲ್ಟರು ಇರುವುದು ಪಂಪಿನ ನಂತರ. ಇಡೀ ಇಂಜಿನ್ನಿಗೆ ಸೋಸಿದ ಎಣ್ಣೆ ಒದಗಿಸುವ ಪಂಪಿಗೆ ಸಿಗುವುದು ಮಾತ್ರ ಸೋಸದ ಎಣ್ಣೆ. ಜಾಲರಿ ದಪ್ಪ ಕಸವನ್ನಷ್ಟೇ ತಡೆಯುತ್ತದೆ, ನುಣ್ಣನೆ ಮರಳುಪುಡಿಯನ್ನಲ್ಲ. ಹೊಳೆಮರಳಿನಲ್ಲಿ ಹೆಚ್ಚಿಗೆ ಇರುವ ಬೆಣಚುಕಲ್ಲಿನ ಕಣ ಸಾಮಾನ್ಯ ಕಬ್ಬಿಣಕ್ಕಿಂತ ಗಟ್ಟಿ. ಅದು ಪಂಪಿನ ಹಲ್ಲುಗಳನ್ನೂ ಗೋಡೆಯನ್ನೂ ಸವೆಸುತ್ತದೆ. ಎಡೆ ದೊಡ್ಡದಾದಂತೆ ಎಣ್ಣೆ ಹಿಂದಕ್ಕೆ ಸೋರಿ ಒತ್ತಡ ಇಳಿಯುತ್ತದೆ. ಆಮೇಲೆ ಬೇರಿಂಗ್ ಸವೆಯುತ್ತದೆ, ಕೊನೆಗೆ ಇಂಜಿನ್ ಹಿಡಿದುಕೊಳ್ಳುತ್ತದೆ. ಬಾಡಿಗೆ ಕಾರನ್ನೇ ನಂಬಿದ ಮನೆಗೆ ಇದು ಅನ್ನದ ಪ್ರಶ್ನೆ.

ಆದ್ದರಿಂದ ಪಂಪಿನ ಆರೈಕೆ ಎಂದರೆ ಮುಖ್ಯವಾಗಿ ಎಣ್ಣೆಯ ಆರೈಕೆ. ತಯಾರಕರು ಹೇಳಿದ ದರ್ಜೆಯ ಎಣ್ಣೆಯನ್ನೇ ಹಾಕಬೇಕು. ಹೇಳಿದ ಅವಧಿಗೆ, ಧೂಳಿನ ದಾರಿಯಲ್ಲಿ ಓಡುವ ಕಾರಿಗೆ ಇನ್ನೂ ಬೇಗ, ಫಿಲ್ಟರಿನ ಸಮೇತ ಬದಲಾಯಿಸಬೇಕು. ಹರಿದ ಏರ್ ಫಿಲ್ಟರು, ಧೂಳು ಹಿಡಿದ ಆಲಿಕೆ, ತೆರೆದಿಟ್ಟ ಡಬ್ಬ ಇವೆಲ್ಲ ಮರಳಿಗೆ ಬಾಗಿಲುಗಳು. ಸಮನೆಲದಲ್ಲಿ ಕಾರು ನಿಲ್ಲಿಸಿ, ಇಂಜಿನ್ ಆರಿಸಿ, ಕೆಲವು ನಿಮಿಷ ಕಾದು ಆಯಿಲ್ ಕಡ್ಡಿ ನೋಡಬೇಕು. ಮಟ್ಟ ಎರಡು ಗುರುತುಗಳ ನಡುವೆ ಇರಲಿ. ಮಿತಿಮೀರಿ ತುಂಬಿದರೆ ಎಣ್ಣೆ ನೊರೆಯಾಗಿ, ಪಂಪು ಗಾಳಿಯನ್ನೂ ಹೀರುತ್ತದೆ. ಹೊಳೆದಂಡೆಯ ಹಾದಿಯಲ್ಲಿ ಕಲ್ಲು ತಾಗಿ ಚೇಂಬರು ತಗ್ಗಾಗಿದ್ದರೆ ಸೋರದಿದ್ದರೂ ಪರೀಕ್ಷಿಸಬೇಕು. ತಗ್ಗಾದ ತಗಡು ಜಾಲರಿಯ ಬಾಯಿಯನ್ನೇ ಮುಚ್ಚಿರಬಹುದು.

ಇನ್ನು ಡ್ಯಾಶ್‌ಬೋರ್ಡಿನ ಕೆಂಪು ದೀಪ. ಇದು ಎಣ್ಣೆಯ ಮಟ್ಟ ತೋರಿಸುವ ದೀಪವೆಂದು ಬಹಳ ಜನ ತಿಳಿದಿದ್ದಾರೆ. ಅದು ಹೇಳುವುದು ಒತ್ತಡದ ಸಂಗತಿಯನ್ನು. ಕೀಲಿ ತಿರುಗಿಸಿದಾಗ ಹೊತ್ತಿ, ಇಂಜಿನ್ ಶುರುವಾದ ಕೆಲವೇ ಕ್ಷಣಗಳಲ್ಲಿ ಆರಬೇಕು. ಹೊತ್ತದೇ ಇದ್ದರೆ ದೀಪವೋ ಸ್ವಿಚ್ಚೋ ಕೆಟ್ಟಿದೆ. ಓಡುವಾಗ ಹೊತ್ತಿದರೆ ‘ಮುಂದಿನ ಊರಿನಲ್ಲಿ ನೋಡೋಣ’ ಎನ್ನುವಂತಿಲ್ಲ. ಪಕ್ಕಕ್ಕೆ ನಿಲ್ಲಿಸಿ ತಕ್ಷಣ ಇಂಜಿನ್ ಆರಿಸಬೇಕು. ಎಣ್ಣೆ ಸರಿಯಾಗಿದ್ದೂ ದೀಪ ಆರದಿದ್ದರೆ ಕಾರನ್ನು ಎಳೆಸಿಕೊಂಡೇ ಹೋಗಬೇಕು.

ಒತ್ತಡ ಇಳಿದ ಮಾತ್ರಕ್ಕೆ ಪಂಪನ್ನೇ ದೂರುವುದೂ ಸರಿಯಲ್ಲ. ಕಟ್ಟಿದ ಜಾಲರಿ, ತೆರೆದೇ ಉಳಿದ ವಾಲ್ವು, ಪೆಟ್ರೋಲು ಬೆರೆತು ತೆಳುವಾದ ಎಣ್ಣೆ, ಸವೆದ ಬೇರಿಂಗು ಯಾವುದೂ ಕಾರಣವಾಗಬಹುದು. ಬಲ್ಲ ಮೆಕ್ಯಾನಿಕ್ ಸ್ವಿಚ್ಚಿನ ಜಾಗಕ್ಕೆ ಮೀಟರು ತಿರುಗಿಸಿ ಒತ್ತಡ ಅಳೆಯುತ್ತಾನೆ, ಆಮೇಲೆ ಬಿಚ್ಚುತ್ತಾನೆ. ಹೊಸ ಪಂಪು ಕೂರಿಸುವಾಗ ಒಳಗೆ ಎಣ್ಣೆ ತುಂಬಿಯೇ ಕೂರಿಸುತ್ತಾನೆ. ಒಣ ಪಂಪು ಮೊದಲು ಎಣ್ಣೆ ಹೀರಲಾರದೆ ಬರೀ ಗಾಳಿ ತಿರುಗಿಸುತ್ತದೆ. ಆ ಕೆಲವು ಕ್ಷಣಗಳಲ್ಲೇ ಬೇರಿಂಗುಗಳಿಗೆ ಪೆಟ್ಟು ಬೀಳುತ್ತದೆ.

ಒಣಗಿದ ಅಚ್ಚು ದಾರಿಯುದ್ದಕ್ಕೂ ಕೂಗಿ ಹೇಳುತ್ತಿತ್ತು. ಪಂಪು ಸವೆಯುವುದು ಸದ್ದಿಲ್ಲದೆ, ತಲಕಾಡಿನ ಮರಳು ಏರಿದ ಹಾಗೆ. ಇಂಜಿನ್ನಿನ ಬಡಿತ ಕಿವಿಗೆ ಕೇಳುವ ಹೊತ್ತಿಗೆ ರಿಪೇರಿಯ ಖರ್ಚು ದೊಡ್ಡದಾಗಿರುತ್ತದೆ. ಗಾಡಿಗೆ ಕೀಲೆಣ್ಣೆ ಹಾಕದೆ ಹೊರಡುತ್ತಿರಲಿಲ್ಲ. ಕಾರಿಗೆ ಆಯಿಲ್ ಕಡ್ಡಿ ನೋಡದೆ ಹೊರಡಬಾರದು.