ಸವದತ್ತಿ–ರಾಮದುರ್ಗ ಗುಡ್ಡಸೀಮೆ: ಮನೆಯ ತಳಪಾಯ ಮತ್ತು ನೀರಿನ ದಾರಿ

ಆಗಸ್ಟ್ 2019ರಲ್ಲಿ ಮಲಪ್ರಭೆಯ ಪ್ರವಾಹವು ರಾಮದುರ್ಗಕ್ಕೆ ನುಗ್ಗಿದಾಗ ನದೀತೀರದ ಜನರಿಗೆ ಎತ್ತರದ ನೆಲದ ಬೆಲೆ ತಿಳಿಯಿತು. ಆದರೆ ಎತ್ತರದ ನೆಲವೆಲ್ಲವೂ ನಿರಪಾಯವಲ್ಲ.

ಬೈಲಹೊಂಗಲದ ಎರೆಭೂಮಿಯಿಂದ ಪೂರ್ವಕ್ಕೆ ಸಾಗಿದರೆ ಮರಳುಗಲ್ಲಿನ ಗುಡ್ಡಗಳು ಎದುರಾಗುತ್ತವೆ. ಭೂವಿಜ್ಞಾನಿಗಳು ಇದನ್ನು ಕಲಾದಗಿ ಶಿಲಾಸಮೂಹವೆಂದು ಗುರುತಿಸುತ್ತಾರೆ. ನವಿಲುತೀರ್ಥದಲ್ಲಿ ಮಲಪ್ರಭೆಯು ಈ ಕಲ್ಲನ್ನೇ ಸೀಳಿಕೊಂಡು ಹರಿದಿದೆ. ಕಲ್ಲು ಗಟ್ಟಿಯಾದರೂ ಅಖಂಡವಲ್ಲ. ಪದರುಗಳ ಹಾಗೂ ಲಂಬ ಬಿರುಕುಗಳ ನಡುವೆ ಮಳೆನೀರು ಇಳಿದು ಬಂಡೆಗಳನ್ನು ಸಡಿಲಗೊಳಿಸುತ್ತದೆ. ನಿವೇಶನಕ್ಕೆಂದು ಇಳಿಜಾರಿನ ಬುಡವನ್ನು ಕಡಿದರೆ ಮೇಲಿನ ಬಂಡೆಗಳು ಆಧಾರ ಕಳೆದುಕೊಳ್ಳುತ್ತವೆ. ಕಡಿದ ಮಣ್ಣನ್ನೇ ಮುಂದೆ ತುಂಬಿ ಅರ್ಧ ಗಟ್ಟಿನೆಲ, ಅರ್ಧ ತುಂಬುಮಣ್ಣಿನ ಮೇಲೆ ಕಟ್ಟಿದ ಮನೆ ಒಂದೇ ಸಮನಾಗಿ ಕುಸಿಯದೆ ಗೋಡೆಗಳು ಸೀಳುತ್ತವೆ.

ಗುಡ್ಡದ ಬುಡದ ಎರೆಮಣ್ಣಿನ ಸ್ವಭಾವ ಬೇರೆ. ಅದು ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಬಿರಿಯುತ್ತದೆ. ಎರೆಯ ಪದರು ತೆಳುವಾಗಿದ್ದರೆ ಅದನ್ನು ತೆಗೆದು ಗರಸು ಅಥವಾ ಕಲ್ಲಿನ ಮೇಲೆ ತಳಪಾಯವಿಡುವುದು ಯುಕ್ತ. ಆಳವಾಗಿದ್ದರೆ ತೇವದ ಏರಿಳಿತ ತಲುಪದ ಸುಮಾರು 3.5 ಮೀಟರಿನವರೆಗೆ ಇಳಿಸಿದ, ಬುಡ ಅಗಲಿಸಿದ ಕಾಂಕ್ರೀಟ್ ಕಂಬಗಳು ಬೇಕಾಗುತ್ತವೆ.

ಎರಡೂ ಕಡೆ ಮೂಲ ಪ್ರಶ್ನೆ ನೀರಿನದೇ. ಮನೆಯ ಮೇಲ್ಬದಿಯಲ್ಲಿ ಅಡ್ಡಗಾಲುವೆ, ತಡೆಗೋಡೆಯಲ್ಲಿ ನೀರು ಹೊರಹೋಗುವ ಕಿಂಡಿಗಳು, ಸ್ನಾನದ ನೀರಿಗೆ ಪ್ರತ್ಯೇಕ ಹರಿವು ಇವು ಅಲ್ಪವೆಚ್ಚದ ರಕ್ಷಣೆಗಳು. ಆಗಸ್ಟ್ 2018ರ ಕೊಡಗಿನ ಭೂಕುಸಿತಗಳು ಅತಿವೃಷ್ಟಿಯ ನಾಡಿನವು. ಇಲ್ಲಿ ಮಳೆ ಕಡಿಮೆ. ಆದರೂ ಒಂದೇ ಬಿರುಮಳೆ ಸಾಕು. ಆದುದರಿಂದ ತಳಪಾಯ ತೋಡುವ ಮುನ್ನ ನೀರಿನ ದಾರಿಯನ್ನು ನಿಶ್ಚಯಿಸುವುದೇ ಗುಡ್ಡಸೀಮೆಯ ಗೃಹನಿರ್ಮಾಣದ ಪ್ರಥಮ ಸೂತ್ರವಾಗಬೇಕು.