ಪಥ್ಯದೂಟ ಸಪ್ಪೆಯೇ ಆಗಬೇಕೆ?

"ಡಾಕ್ಟ್ರೇ, ಮಾತ್ರೆ ಎಷ್ಟು ಬೇಕಾದರೂ ಕೊಡಿ, ನುಂಗುತ್ತೇನೆ. ಊಟದ ತಂಟೆಗೆ ಮಾತ್ರ ಬರಬೇಡಿ." ರಕ್ತದೊತ್ತಡ ಇರುವವರಿಗೆ ಉಪ್ಪು, ಎಣ್ಣೆ ಕಡಿಮೆ ಮಾಡಿ ಎಂದಾಗ ಬಹುತೇಕ ಎಲ್ಲ ವೈದ್ಯರಿಗೂ ಸಿಗುವ ಉತ್ತರ ಇದು. ರೋಗಿಯ ಮಾತಿನಲ್ಲಿ ತಪ್ಪೇನೂ ಇಲ್ಲ. ಪಥ್ಯ ಎಂದ ಕೂಡಲೇ ನಮ್ಮ ಮನೆಗಳಲ್ಲಿ ಕಣ್ಮುಂದೆ ಬರುವುದು ಬೇಯಿಸಿಟ್ಟ ತರಕಾರಿ, ಒಗ್ಗರಣೆ ಕಾಣದ ಬೇಳೆಕಟ್ಟು, ಒಣ ಚಪಾತಿ. ಮೊದಲ ವಾರ ಎಲ್ಲರಿಗೂ ಉತ್ಸಾಹ. ಎರಡನೆಯ ವಾರ ಮುಖ ಸಿಂಡರಿಸುವುದು ಶುರು. ತಿಂಗಳು ತುಂಬುವುದರೊಳಗೆ ಉಪ್ಪಿನಕಾಯಿ ಭರಣಿ ತನ್ನ ಹಳೆಯ ಜಾಗಕ್ಕೆ ಬಂದು ಕೂತಿರುತ್ತದೆ.

ನನ್ನ ಬಳಿಗೆ ಬರುವ ನಿವೃತ್ತ ಉಪಾಧ್ಯಾಯರೊಬ್ಬರು ಎರಡು ತಿಂಗಳು ಉಪ್ಪಿಲ್ಲದ ಊಟ ಮಾಡಿದರು. ಆದರೂ ರಕ್ತದೊತ್ತಡ ಇಳಿಯಲಿಲ್ಲ. ಮಾತ್ರೆ ಬದಲಿಸಬೇಕೇನೋ ಎಂದು ಯೋಚಿಸುತ್ತಿದ್ದಾಗ ಅವರ ಪತ್ನಿಯೇ ವಿಷಯ ಬಿಚ್ಚಿಟ್ಟರು. ಮನೆಯಲ್ಲಿ ಸಪ್ಪೆ ಊಟ ಮುಗಿಸಿ ಯಜಮಾನರು ಸಂಜೆ ವಾಕಿಂಗ್ ನೆಪದಲ್ಲಿ ಹೋಟೆಲಿಗೆ ಹೋಗಿ ಬೋಂಡ, ಚಟ್ನಿ ತಿಂದು ಬರುತ್ತಿದ್ದರು! ಅವರಿಗೆ ಬೇಕಾಗಿದ್ದದ್ದು ಹೊಸ ಮಾತ್ರೆಯಲ್ಲ. ಮನೆಯಲ್ಲೇ ನಾಲಿಗೆಗೆ ಹಿಡಿಸುವ ಊಟ.

ರಕ್ತದೊತ್ತಡ ನೋವು ಕೊಡದ ಕಾಯಿಲೆ. ಅದಕ್ಕೇ ಪಥ್ಯ ಬಿಟ್ಟವರಿಗೆ ತಕ್ಷಣ ಏನೂ ಆಗುವುದಿಲ್ಲ. ಆದರೆ ವರ್ಷಗಟ್ಟಲೆ ಹಾಗೇ ಬಿಟ್ಟರೆ ಪಾರ್ಶ್ವವಾಯು, ಹೃದಯಾಘಾತ, ಮೂತ್ರಪಿಂಡದ ವೈಫಲ್ಯ ಹೇಳದೆ ಕೇಳದೆ ಬರಬಹುದು. ಆದ್ದರಿಂದ ಪಥ್ಯಕ್ಕೆ ರುಚಿ ಕೂಡಿಸುವುದು ಬರಿಯ ಚಪಲದ ಮಾತಲ್ಲ. ರುಚಿಯಿಲ್ಲದ ಪಥ್ಯ ಹೆಚ್ಚು ದಿನ ನಡೆಯುವುದಿಲ್ಲ. ನಡೆಯದ ಪಥ್ಯದಿಂದ ಪ್ರಯೋಜನವೂ ಇಲ್ಲ.

ಎಷ್ಟು ಉಪ್ಪು ಸಾಕು?

ವಯಸ್ಕರು ದಿನಕ್ಕೆ 5 ಗ್ರಾಂಗಿಂತ ಕಡಿಮೆ, ಅಂದರೆ ಒಂದು ಟೀ ಚಮಚೆಗಿಂತ ಕಡಿಮೆ ಉಪ್ಪು ತಿನ್ನಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಿಮ್ಮ ಮನೆಯ ಲೆಕ್ಕ ತಿಳಿಯಲು ಸುಲಭ ಉಪಾಯವಿದೆ. ಉಪ್ಪಿನ ಪೊಟ್ಟಣ ಒಡೆದ ದಿನ ಅದರ ಮೇಲೆ ತಾರೀಕು ಬರೆದಿಡಿ. ನಾಲ್ವರಿರುವ ಮನೆಯಲ್ಲಿ ಒಂದು ಕಿಲೋ ಉಪ್ಪು ಕನಿಷ್ಠ 50 ದಿನ ಬರಬೇಕು. ತಿಂಗಳಿಗೇ ಖಾಲಿಯಾದರೆ ತಲೆಗೆ ಎಂಟು ಗ್ರಾಂ ದಾಟಿತು ಎಂದರ್ಥ. ಬೇಕರಿಯ ಬನ್ನು, ಬ್ರೆಡ್, ಖಾರದ ತಿಂಡಿ, ಹೋಟೆಲಿನ ಊಟದ ಉಪ್ಪು ಈ ಲೆಕ್ಕಕ್ಕೆ ಬಂದೇ ಇಲ್ಲ.

ಕಣ್ಣಿಗೆ ಕಾಣದ ಉಪ್ಪೂ ಉಂಟು. ಹಪ್ಪಳ, ಸಂಡಿಗೆ, ಬಾಳಕದ ಮೆಣಸಿನಕಾಯಿ, ಒಣಮೀನು, ಚಟ್ನಿಪುಡಿ ಇವೆಲ್ಲ ಉಪ್ಪಿನ ಗಣಿಗಳು. ಅಡುಗೆ ಸೋಡದಲ್ಲಿಯೂ ಸೋಡಿಯಂ ಇದೆ. ಉಪ್ಪಿನಲ್ಲಿ ರಕ್ತದೊತ್ತಡ ಏರಿಸುವುದು ಈ ಸೋಡಿಯಮ್ಮೇ. "ನಾವು ಸೈಂಧವ ಲವಣಕ್ಕೆ ಬದಲಾಯಿಸಿದ್ದೇವೆ" ಎಂದು ಹೆಮ್ಮೆಯಿಂದ ಹೇಳುವವರಿದ್ದಾರೆ. ಸೈಂಧವ ಲವಣವೂ ಬಹುಮಟ್ಟಿಗೆ ಸೋಡಿಯಂ ಕ್ಲೋರೈಡೇ. ಸಾಲದ್ದಕ್ಕೆ, ಅಯೋಡಿನ್ ಬೆರೆಸದ ಸೈಂಧವವನ್ನೇ ಬಳಸಿದರೆ ಮಾಮೂಲಿ ಉಪ್ಪಿನಿಂದ ಸಿಗುವ ಅಯೋಡಿನ್ ತಪ್ಪಿಹೋಗುತ್ತದೆ.

ನಾಲಿಗೆಗೂ ಕಾಲಾವಕಾಶ ಬೇಕು

ಉಪ್ಪನ್ನು ಒಂದೇ ದಿನದಲ್ಲಿ ಅರ್ಧಕ್ಕೆ ಇಳಿಸಿದರೆ ನಾಲಿಗೆ ದಂಗೆ ಏಳುತ್ತದೆ. ವಾರ ವಾರ ಸ್ವಲ್ಪ ಸ್ವಲ್ಪ ಇಳಿಸಿ. ಕೆಲವು ವಾರಗಳಿಂದ ಎರಡು ಮೂರು ತಿಂಗಳಲ್ಲಿ ನಾಲಿಗೆ ಹೊಸ ಪ್ರಮಾಣಕ್ಕೆ ಒಗ್ಗುತ್ತದೆ. ಆಮೇಲೆ ಹಳೆಯ ಸಾರು ತಿಂದರೆ "ಅಯ್ಯೋ, ಉಪ್ಪುಪ್ಪು" ಎನ್ನುವವರು ನೀವೇ.

ಈ ಮಧ್ಯೆ ನಾಲಿಗೆಯನ್ನು ಒಲಿಸಿಕೊಳ್ಳುವುದು ಹೇಗೆ? ನಾವು ರುಚಿ ಎನ್ನುವುದರಲ್ಲಿ ದೊಡ್ಡ ಪಾಲು ವಾಸನೆಯದು. ನೆಗಡಿಯಾದಾಗ ಯಾವ ಅಡುಗೆಯೂ ರುಚಿಸದಿರುವುದು ಇದೇ ಕಾರಣಕ್ಕೆ. ಇನ್ನೊಂದು ಪಾಲು ಹುಳಿಯದು. ಹುಳಿ ಸೇರಿದಾಗ ಇರುವ ಸ್ವಲ್ಪ ಉಪ್ಪೇ ಹೆಚ್ಚಾಗಿ ತೋರುತ್ತದೆ. ಮತ್ತೊಂದು ಪಾಲು ಗರಿಗರಿ, ಕುರುಕುಲು, ಬಿಸಿ, ತಂಪು ಇವುಗಳದು. ಪರಿಮಳ, ಹುಳಿ, ಕುರುಕುಲು ಈ ಮೂರನ್ನು ಬಳಸಿಕೊಂಡರೆ ಉಪ್ಪು, ಎಣ್ಣೆಯ ಕೊರತೆ ಅಷ್ಟಾಗಿ ತಿಳಿಯುವುದಿಲ್ಲ.

ಸಾರನ್ನೇ ತೆಗೆದುಕೊಳ್ಳಿ. ಅಂಗಡಿಯ ಪುಡಿಯಲ್ಲಿ ಉಪ್ಪು ಬೆರೆತಿರಬಹುದು. ಪೊಟ್ಟಣದ ಮೇಲೆ ಓದಿ ನೋಡಿ. ಮನೆಯಲ್ಲೇ ಕೊತ್ತಂಬರಿ ಬೀಜ, ಜೀರಿಗೆ, ಮೆಣಸು, ಮೆಂತ್ಯವನ್ನು ಎಣ್ಣೆಯಿಲ್ಲದೆ ಘಮ್ಮೆನ್ನುವಂತೆ ಹುರಿದು ಆಗಿಂದಾಗ್ಗೆ ಸ್ವಲ್ಪ ಸ್ವಲ್ಪ ಪುಡಿ ಮಾಡಿಕೊಂಡರೆ ಸೊಗಸು. ಟೊಮೇಟೊ ಒಂದು ಹೆಚ್ಚಿಗೆ ಹಾಕಿ. ಉಪ್ಪನ್ನು ಕುದಿಯುವಾಗ ಹಾಕದೆ, ಇಳಿಸುವಾಗ ಅಳತೆಯ ಚಮಚೆಯಿಂದಲೇ ಹಾಕಿ. ಕೊನೆಗೆ ಅರ್ಧ ಹೋಳು ನಿಂಬೆರಸ, ಒಂದು ಹಿಡಿ ಕೊತ್ತಂಬರಿ ಸೊಪ್ಪು.

ಹೆಸರುಬೇಳೆ ಕೋಸಂಬರಿಗೆ ಸೌತೆಕಾಯಿ, ಕ್ಯಾರೆಟ್, ಮಾವಿನಕಾಯಿ ತುರಿ, ನಿಂಬೆರಸ ಇದ್ದರೆ ಉಪ್ಪು ಬೇಕೆನಿಸುವುದೇ ಇಲ್ಲ. ಬೇಕೇಬೇಕೆಂದರೆ ಬಡಿಸುವಾಗ ಮೇಲೆ ಚಿಟಿಕೆ ಉದುರಿಸಿ. ಒಳಗೆ ಕಲೆಸಿದ ಉಪ್ಪಿಗಿಂತ ಮೇಲೆ ಉದುರಿಸಿದ ಉಪ್ಪು ನಾಲಿಗೆಗೆ ಬೇಗ ತಾಗುತ್ತದೆ. ಕೋಸಂಬರಿ ನೀರೊಡೆಯುವುದೂ ಇಲ್ಲ.

ನಮ್ಮ ಹಿರಿಯರ ಅಡುಗೆಯಲ್ಲೇ ಬೇಕಾದಷ್ಟು ದಾರಿಗಳಿವೆ. ರಾಗಿಮುದ್ದೆಗೂ ಜೋಳದ ರೊಟ್ಟಿಗೂ ಉಪ್ಪು ಹಾಕಲೇಬೇಕೆಂದಿಲ್ಲ. ಮಲೆನಾಡಿನ ದೊಡ್ಡಪತ್ರೆ, ಒಂದೆಲಗದ ತಂಬುಳಿಗೆ ಮಜ್ಜಿಗೆಯ ಹುಳಿ, ಜೀರಿಗೆ, ಮೆಣಸು ಸಾಕು. ಕರಾವಳಿಯವರಿಗೆ ಪುನರ್ಪುಳಿ, ಅಮಟೆಕಾಯಿ, ಬಿಂಬುಳಿ ಇವೆ. ಧಾರವಾಡ, ಬೆಳಗಾವಿ ಕಡೆಯವರು ಶೇಂಗಾ, ಗುರೆಳ್ಳು ಚಟ್ನಿಪುಡಿಯನ್ನು ಉಪ್ಪು ತಗ್ಗಿಸಿ ಮಾಡಿ, ಎಣ್ಣೆಯ ಬದಲು ಮೊಸರಿನಲ್ಲಿ ಕಲೆಸಿಕೊಳ್ಳಬಹುದು.

ಒಗ್ಗರಣೆ ಬಿಡಬೇಡಿ

ಎಣ್ಣೆ ಕಡಿಮೆ ಮಾಡಿ ಎಂದರೆ ಅನೇಕರು ಮೊದಲು ಕೈಬಿಡುವುದು ಒಗ್ಗರಣೆಯನ್ನು. ಇದು ತಲೆಕೆಳಗಾದ ಕ್ರಮ. ಸಾಸಿವೆ, ಇಂಗು, ಕರಿಬೇವು, ಒಣಮೆಣಸಿನಕಾಯಿಯ ಪರಿಮಳ ಎಣ್ಣೆಯಲ್ಲಿ ಚೆನ್ನಾಗಿ ಬಿಟ್ಟುಕೊಳ್ಳುತ್ತದೆ. ಒಂದು ಟೀ ಚಮಚೆ ಎಣ್ಣೆಯ ಒಗ್ಗರಣೆ ನಾಲ್ವರ ಪಲ್ಯಕ್ಕೆ ಜೀವ ತುಂಬುತ್ತದೆ. ಬಿಡಬೇಕಾದದ್ದು ಪಲ್ಯ ಬಾಡಿಸಲು ಸುರಿಯುವ ಎಣ್ಣೆ, ಕರಿದ ತಿಂಡಿ, ದೋಸೆಯ ಸುತ್ತ ಧಾರಾಳವಾಗಿ ಬಿಡುವ ತುಪ್ಪ. ತರಕಾರಿಯನ್ನು ಮುಚ್ಚಳ ಮುಚ್ಚಿ ಹಬೆಯಲ್ಲಿ ಬೇಯಿಸಿ, ಮೇಲೆ ಒಗ್ಗರಣೆ ಹಾಕಿ. ಎಣ್ಣೆ ಯಾವುದೇ ಇರಲಿ, ಗ್ರಾಮಿಗೆ 9 ಕ್ಯಾಲರಿ ಎಂಬುದು ನೆನಪಿರಲಿ. ನಾಲ್ವರ ಮನೆಗೆ ತಿಂಗಳಿಗೆ ಎರಡು ಲೀಟರು ಸಾಕು ಎಂಬುದು ನಾನು ಹೇಳುವ ಲೆಕ್ಕ.

ಮಾಂಸಾಹಾರಿಗಳಿಗೆ

ಕೋಳಿಯ ಚರ್ಮ ತೆಗೆದರೆ ಕೊಬ್ಬು ಬಹಳಷ್ಟು ಹೋಗುತ್ತದೆ. ಆದರೆ ಎದೆಭಾಗದ ಮಾಂಸ ಬೆಂದಾಗ ಒಣಗಿ ನಾರಾಗುತ್ತದೆ ಎಂಬ ದೂರು ಸಾಮಾನ್ಯ. ಇದು ನಮ್ಮವರ ದೂರಷ್ಟೇ ಅಲ್ಲ. ಅಮೆರಿಕದಲ್ಲಿ ಕೊಬ್ಬು ಕಡಿಮೆ ಮಾಡಲೆಂದು ಬರ್ಗರಿಗೆ ದನದ ಮಾಂಸದ ಬದಲು ಟರ್ಕಿ ಕೋಳಿಯ ಕೈಮಾ ಬಳಸುವವರೂ ಇದೇ ಗೋಳು ಹೇಳುತ್ತಾರೆ. ಎರಡಕ್ಕೂ ಪರಿಹಾರ ಒಂದೇ: ಕೊಬ್ಬು ಕೊಡುತ್ತಿದ್ದ ಮೆತುವನ್ನು ಬೇರೆಯದರಿಂದ ತರಬೇಕು.

ಅರ್ಧ ಕಿಲೋ ಕೋಳಿ ಕೈಮಾಕ್ಕೆ ಒಂದು ದೊಡ್ಡ ಈರುಳ್ಳಿಯ ತುರಿ, ಎರಡು ಚಮಚೆ ಗಟ್ಟಿ ಮೊಸರು, ಎರಡು ಚಮಚೆ ಹುರಿಗಡಲೆ ಪುಡಿ, ಶುಂಠಿ, ಬೆಳ್ಳುಳ್ಳಿ, ಹಸಿಮೆಣಸಿನಕಾಯಿ, ಪುದೀನ, ಚಕ್ಕೆ ಲವಂಗದ ಪುಡಿ, ಕಾಲು ಟೀ ಚಮಚೆ ಉಪ್ಪು ಸೇರಿಸಿ. ಅರ್ಧ ಗಂಟೆ ಫ್ರಿಜ್ಜಿನಲ್ಲಿಟ್ಟು ವಡೆಯಂತೆ ತಟ್ಟಿ, ಒಂದು ಟೀ ಚಮಚೆ ಎಣ್ಣೆ ಸವರಿದ ಕಾವಲಿಯ ಮೇಲೆ ಮುಚ್ಚಿ ಸಣ್ಣ ಉರಿಯಲ್ಲಿ ಬೇಯಿಸಿ. ಸಟ್ಟುಗದಿಂದ ಒತ್ತಬೇಡಿ, ಒತ್ತಿದರೆ ರಸವೆಲ್ಲ ಹೊರಗೆ ಹೋಗುತ್ತದೆ. ಮುರಿದು ನೋಡಿ, ಒಳಗೆ ಎಲ್ಲಿಯೂ ಹಸಿ ಇರಬಾರದು. ನಿಂಬೆ, ಹಸಿ ಈರುಳ್ಳಿ, ಪುದೀನ ಚಟ್ನಿಯೊಂದಿಗೆ ಮಕ್ಕಳೂ ಕೇಳಿ ತಿನ್ನುತ್ತಾರೆ.

ಬೇರೆ ಪಾತ್ರೆ ಬೇಡ

ಪಥ್ಯದವರಿಗೆಂದು ಬೇರೆ ಅಡುಗೆ ಮಾಡುವುದು ಅಡುಗೆ ಮಾಡುವವರಿಗೂ ಹೊರೆ, ಉಣ್ಣುವವರಿಗೂ ಬೇಸರ. ಎಲ್ಲರೂ ಹೋಳಿಗೆ ಊಟ ಮಾಡುವಾಗ ಒಬ್ಬರು ಮಾತ್ರ ಗಂಜಿ ಕುಡಿಯುತ್ತ ಕುಳಿತರೆ ಮನಸ್ಸು ಕೆಡದೆ ಇರುತ್ತದೆಯೆ? ಮನೆಯವರೆಲ್ಲರಿಗೂ ಒಂದೇ ಅಡುಗೆ ಮಾಡಿ. ತಂದೆಗಾಗಿ ತಗ್ಗಿಸಿದ ಉಪ್ಪು ಮುಂದೆ ಮಗನ ರಕ್ತದೊತ್ತಡವನ್ನೂ ಕಾಯಬಹುದು. ಹಬ್ಬದ ದಿನ ಒಂದು ಹೋಳಿಗೆಗೆ ಸಿಟ್ಟಾಗಬೇಡಿ. ಮಾರನೆಯ ದಿನ ಮತ್ತೆ ಮಾಮೂಲಿಗೆ ಬಂದರೆ ಆಯಿತು. ಆದರೆ ಸಕ್ಕರೆ ಕಾಯಿಲೆಯೂ ಇರುವವರು ಅದರ ಲೆಕ್ಕವನ್ನು ತಮ್ಮ ವೈದ್ಯರಿಂದ ಕೇಳಿಕೊಳ್ಳಬೇಕು.

ಇವರು ಎಚ್ಚರ ವಹಿಸಬೇಕು

ಅಂಗಡಿಗಳಲ್ಲಿ "ಲೋ ಸೋಡಿಯಂ" ಉಪ್ಪು ಸಿಗುತ್ತದೆ. ಇದರಲ್ಲಿ ಸೋಡಿಯಂನ ಒಂದು ಪಾಲಿಗೆ ಬದಲಾಗಿ ಪೊಟ್ಯಾಶಿಯಂ ಇರುತ್ತದೆ. ಚೀನಾದ ಹಳ್ಳಿಗಳಲ್ಲಿ ಸುಮಾರು 21 ಸಾವಿರ ಜನರ ಮೇಲೆ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಇಂಥ ಉಪ್ಪು ಬಳಸಿದವರಲ್ಲಿ ಪಾರ್ಶ್ವವಾಯು ನೂರಕ್ಕೆ 14ರಷ್ಟು ಕಡಿಮೆಯಾಗಿತ್ತು. ಆದರೆ ಮೂತ್ರಪಿಂಡದ ಕಾಯಿಲೆ ಇರುವವರ ರಕ್ತದಲ್ಲಿ ಪೊಟ್ಯಾಶಿಯಂ ಅಪಾಯದ ಮಟ್ಟಕ್ಕೇರಿ ಹೃದಯದ ಬಡಿತವೇ ತಪ್ಪಬಹುದು. ರಕ್ತದೊತ್ತಡದ ಕೆಲವು ಮಾತ್ರೆಗಳೂ ಪೊಟ್ಯಾಶಿಯಂ ಏರಿಸುತ್ತವೆ. ಆದ್ದರಿಂದ ವೈದ್ಯರನ್ನು ಕೇಳದೆ ಈ ಉಪ್ಪನ್ನು ಮನೆಗೆ ತರಬೇಡಿ.

ಉಪ್ಪು ಕಡಿಮೆ ಎಂದರೆ ಉಪ್ಪೇ ಇಲ್ಲ ಎಂದೂ ಅಲ್ಲ. ಮೂತ್ರ ಹೆಚ್ಚಿಸುವ ಮಾತ್ರೆ ತೆಗೆದುಕೊಳ್ಳುವ ವೃದ್ಧರು ಉಪ್ಪನ್ನು ಪೂರ್ತಿ ಬಿಟ್ಟರೆ ಸೋಡಿಯಂ ಕುಸಿದು ಸುಸ್ತು, ಮಂಕು, ಗೊಂದಲದ ಮಾತು ಕಾಣಿಸಬಹುದು. ವಾಂತಿ, ಭೇದಿಯಾದಾಗ ಪಥ್ಯದ ನೆಪದಲ್ಲಿ ಓಆರ್‌ಎಸ್ ನೀರನ್ನು ನಿರಾಕರಿಸಬೇಡಿ; ವೈದ್ಯರನ್ನೂ ಕಾಣಿ.

ಊಟ ಹಿಡಿತಕ್ಕೆ ಬಂದು ರಕ್ತದೊತ್ತಡ ಇಳಿದಾಗ "ಇನ್ನು ಮಾತ್ರೆ ಬೇಡ" ಎಂದು ನೀವೇ ತೀರ್ಮಾನಿಸಬೇಡಿ. ಪ್ರಮಾಣ ಇಳಿಸಬೇಕೆ, ಹಾಗೆಯೇ ಮುಂದುವರಿಸಬೇಕೆ ಎಂಬುದನ್ನು ಪರೀಕ್ಷಿಸಿ ಹೇಳುವುದು ವೈದ್ಯರ ಕೆಲಸ. ನಿಮ್ಮ ಕೆಲಸ ಈ ವಾರವೇ ಶುರುವಾಗಲಿ: ಸಾರಿಗೆ ಹಾಕುವ ಉಪ್ಪಿನಲ್ಲಿ ಕಾಲು ಭಾಗ ತೆಗೆಯಿರಿ, ಒಂದು ನಿಂಬೆಹಣ್ಣು ತನ್ನಿ.