ರೇಡಿಯೋ ಅಯೋಡಿನ್ ಚಿಕಿತ್ಸೆಯ ಬಳಿಕ ಥೈರಾಯಿಡ್ ಹಾರ್ಮೋನುಗಳ ಏರಿಳಿತ

ಕತ್ತಿನ ಮುಂಭಾಗದಲ್ಲಿರುವ ಥೈರಾಯಿಡ್ ಗ್ರಂಥಿಯು ಮಿತಿಮೀರಿ ಸ್ರವಿಸುವ ರೋಗವನ್ನು ಕನ್ನಡದಲ್ಲಿ 'ಗಲಗಂಡ'ವೆಂದು ಕರೆಯುವುದುಂಟು. ಇದು ಸಾಧುವೆಂದು ತೋರುವುದಿಲ್ಲ. ಸುಶ್ರುತಸಂಹಿತೆಯ ನಿದಾನಸ್ಥಾನದ 11ನೆಯ ಅಧ್ಯಾಯದಲ್ಲಿ ಗಲಗಂಡವನ್ನು ವಾತಜ, ಕಫಜ, ಮೇದೋಜವೆಂದು ಮೂರು ಬಗೆಯಾಗಿ ವಿಭಾಗಿಸಿದೆ. ಪಿತ್ತಜವೆಂಬ ಭೇದವೇ ಅಲ್ಲಿಲ್ಲ. ಕತ್ತಿನಲ್ಲಿ ಜೋಲುವ ಊತವೇ ಅದರ ಮುಖ್ಯ ಲಕ್ಷಣ. ಪ್ರಕೃತ ರೋಗದಲ್ಲಾದರೋ ಊತವು ಇದ್ದರೂ ಇರಬಹುದು, ಇಲ್ಲದೆಯೂ ಇರಬಹುದು. ಮೈ ಕಾವು, ಬೆವರು, ಎದೆಬಡಿತ, ಕೈನಡುಕ, ಹಸಿವಿದ್ದೂ ದೇಹವು ಕೃಶವಾಗುವಿಕೆ, ಇವು ಲಕ್ಷಣಗಳು. ಹೆಸರಿನ ಸಾಮ್ಯದಿಂದ ಎರಡನ್ನೂ ಒಂದೆನ್ನುವುದು ಪ್ರಾಚೀನರಿಗೂ ನವೀನರಿಗೂ ಅನ್ಯಾಯ. ಹಾಗೆಯೇ ಹಾರ್ಮೋನಿಗೆ 'ರಸ'ವೆಂದರೆ ಸಪ್ತಧಾತುಗಳಲ್ಲಿ ಮೊದಲನೆಯದರೊಡನೆ ಗೊಂದಲವಾಗುವುದರಿಂದ ಇಲ್ಲಿ ಹಾರ್ಮೋನೆಂದೇ ಬರೆದಿದೆ.

ಈ ಚಿಕಿತ್ಸೆಯ ಹುಟ್ಟು ಒಂದು ಪ್ರಶ್ನೆಯಲ್ಲಿದೆ. 1936ರ ನವೆಂಬರಿನಲ್ಲಿ ಅಮೆರಿಕದ ಬಾಸ್ಟನ್ ನಗರದಲ್ಲಿ ಭೌತವಿಜ್ಞಾನಿ ಕಾರ್ಲ್ ಕಾಂಪ್ಟನ್ನರು ಉಪನ್ಯಾಸ ಮಾಡಿದಾಗ, ಸಾಲ್ ಹರ್ಟ್ಸ್ ಎಂಬ ವೈದ್ಯರು ಅಯೋಡಿನ್ನನ್ನು ಕೃತಕವಾಗಿ ವಿಕಿರಣಶೀಲವನ್ನಾಗಿ ಮಾಡಬಹುದೇ ಎಂದು ಕೇಳಿದರು. ಥೈರಾಯಿಡ್ ಗ್ರಂಥಿಯು ಅಯೋಡಿನ್ನನ್ನು ತನ್ನೊಳಗೆ ಸೆಳೆದುಕೊಳ್ಳುವುದೆಂಬುದು ಆಗಲೇ ತಿಳಿದಿದ್ದಿತು. ಮೊದಲು ಮೊಲಗಳಲ್ಲಿ ಪರೀಕ್ಷಿಸಿ, 1941ರಲ್ಲಿ ಅದೇ ನಗರದಲ್ಲಿ ಮನುಷ್ಯರಿಗೆ ಚಿಕಿತ್ಸೆಯಾಗಿ ಕೊಟ್ಟರು. ಇಂದು ಬಳಕೆಯಲ್ಲಿರುವುದು 131 ಎಂಬ ದ್ರವ್ಯಸಂಖ್ಯೆಯ ಅಯೋಡಿನ್. ಇದರ ಅರ್ಧಾಯುಷ್ಯವು ಸುಮಾರು 8 ದಿನಗಳು. ಗುಳಿಗೆಯಾಗಿಯೋ ದ್ರವವಾಗಿಯೋ ಬಾಯಿಂದ ಕೊಡುವರು. ಗರ್ಭಿಣಿಯರಿಗೂ ಮೊಲೆಯೂಡಿಸುವವರಿಗೂ ಇದು ನಿಷಿದ್ಧ. ಆಹಾರದಲ್ಲಿನ ಅಯೋಡಿನ್ನಿಗೂ ಇದಕ್ಕೂ ಗ್ರಂಥಿಯು ಭೇದವನ್ನೆಣಿಸದು. ಎರಡನ್ನೂ ಒಳಕ್ಕೆ ತೆಗೆದುಕೊಳ್ಳುವುದು. ಒಳಗೆ ಸೇರಿದ ಮೇಲೆ ಅದರಿಂದ ಹೊರಡುವ ಬೀಟಾ ಕಿರಣಗಳು ಹೆಚ್ಚೆಂದರೆ ಸುಮಾರು 2 ಮಿಲಿಮೀಟರು ದೂರ ಹೋಗುವುದರಿಂದ ಹಾನಿಯು ಬಹುಮಟ್ಟಿಗೆ ಗ್ರಂಥಿಯಲ್ಲಿಯೇ ನಿಲ್ಲುವುದು.

ಹೀಗಿರಲು, ಔಷಧವನ್ನು ಸೇವಿಸಿದ ಮಾರನೆಯ ದಿನವೇ ರೋಗವು ಇಳಿಯಬೇಡವೇ? ಇಳಿಯುವುದಿಲ್ಲ. ಇಲ್ಲಿ ದರ್ಶನಕಾರರ ಕುಲಾಲಚಕ್ರನ್ಯಾಯವು ನೆನಪಿಗೆ ಬರುವುದು: ಕುಂಬಾರನು ಕೋಲನ್ನು ತೆಗೆದ ಮೇಲೂ ಚಕ್ರವು ಹಿಂದಿನ ವೇಗದಿಂದ ತಿರುಗುತ್ತಿರುವುದು. ರಕ್ತದಲ್ಲಿರುವ ಥೈರಾಕ್ಸಿನ್ನಿನ ಅರ್ಧಾಯುಷ್ಯವು ಸ್ವಸ್ಥರಲ್ಲಿ ಸುಮಾರು 7 ದಿನ. ಅದಕ್ಕಿಂತ ತೀಕ್ಷ್ಣವಾದ ಟ್ರೈ-ಅಯೋಡೋ-ಥೈರೋನಿನ್ನಿನದು ಸುಮಾರು 1 ದಿನ. ಕಿರಣಗಳಿಂದ ಜೀವಕೋಶಗಳು ಸಾಯುವುದೂ ವಾರಗಳ ಕೆಲಸ.

ಆದರೆ ಈ ನ್ಯಾಯವು ಅರ್ಧಕ್ಕೆ ಮಾತ್ರ ಸಲ್ಲುವುದು. ಕೋಲು ತೆಗೆದ ಚಕ್ರವು ನಿಧಾನವಾಗುವುದೇ ಹೊರತು ಹೆಚ್ಚು ವೇಗವಾಗಿ ತಿರುಗುವುದಿಲ್ಲ. ಇಲ್ಲಿಯಾದರೋ ಕೆಲವರಲ್ಲಿ ಮೊದಲ ಒಂದೆರಡು ವಾರಗಳಲ್ಲಿ ಹಾರ್ಮೋನು ಮೊದಲಿಗಿಂತ ಏರುವುದುಂಟು. ಇದಕ್ಕೆ ಕಣಜದ ದೃಷ್ಟಾಂತವು ಮೇಲು. ಗ್ರಂಥಿಯು ಹಾರ್ಮೋನನ್ನು ಆಗಿಂದಾಗ ಮಾಡಿ ಆಗಲೇ ಕಳುಹಿಸುವುದಿಲ್ಲ. ವಾರಗಟ್ಟಲೆಗೆ ಸಾಲುವಷ್ಟನ್ನು ಸಣ್ಣ ಸಣ್ಣ ಕೋಶಗಳಲ್ಲಿ ತುಂಬಿಟ್ಟಿರುವುದು. ಕಿರಣಗಳಿಂದ ಉರಿಯೂತವಾಗಿ ಆ ಗೋಡೆಗಳು ಬಿರಿದಾಗ, ಕೂಡಿಟ್ಟುದು ಸೋರಿ ರಕ್ತಕ್ಕೆ ಸೇರುವುದು. ಕಣಜವು ಒಡೆದಾಗ ಅಂಗಳದಲ್ಲಿ ಕಾಳು ಹೆಚ್ಚಿತೆಂದು ಬೆಳೆ ಹೆಚ್ಚಿತೆನ್ನಲಾದೀತೆ?

ಏರಿಕೆಗೆ ಎರಡನೆಯ ಕಾರಣವೊಂದುಂಟು. ವಾಸ್ತವದಲ್ಲಿ ಇದೇ ಹೆಚ್ಚಿನದು. ಅನೇಕ ರೋಗಿಗಳು ಮೊದಲೇ ಕಾರ್ಬಿಮಜೋಲ್ ಅಥವಾ ಮೆಥಿಮಜೋಲ್ ಎಂಬ ತಡೆಮದ್ದನ್ನು ಸೇವಿಸುತ್ತಿರುವರು. ಅಯೋಡಿನ್ ಗ್ರಂಥಿಯಲ್ಲಿ ನೆಲೆಗೊಳ್ಳಲೆಂದು ಅದನ್ನು ಕೆಲವು ದಿನ ಮುಂಚೆ ನಿಲ್ಲಿಸುವರು. ನಿಲ್ಲಿಸಿದೊಡನೆ ಕಟ್ಟಿಟ್ಟಿದ್ದ ರೋಗವು ತಲೆಯೆತ್ತುವುದು. ತಡೆಮದ್ದನ್ನು ಮುಟ್ಟದವರಲ್ಲಿ ಬಹುಮಂದಿಗೆ ಹಾರ್ಮೋನು ಮೊದಲಿಂದಲೇ ಇಳಿಯತೊಡಗುವುದೆಂಬುದು ಈ ವಿವೇಚನೆಗೆ ಪೋಷಕ. ಕಾಗದದ ಮೇಲಿನ ಅಂಕಿಯು ಎರಡು ಸಂದರ್ಭಗಳಲ್ಲಿಯೂ ಒಂದೇ, ಕಾರಣವು ಬೇರೆ. ಏರಿಕೆಯು ಸಾಮಾನ್ಯವಾಗಿ ಅಲ್ಪ. ಆದರೆ ವೃದ್ಧರಿಗೂ ಹೃದ್ರೋಗವುಳ್ಳವರಿಗೂ ಅಷ್ಟೇ ಅಪಾಯಕರವಾಗಬಹುದು. ಆದುದರಿಂದ ಪ್ರೊಪ್ರನೊಲಾಲ್ ಮುಂತಾದ, ಎದೆಬಡಿತವನ್ನು ತಗ್ಗಿಸುವ ಔಷಧಗಳನ್ನು ಜೊತೆಗೆ ಕೊಡುವುದುಂಟು. ಚಿಕಿತ್ಸೆಯು ವಿಫಲವಾಯಿತೆಂದು ಈ ದಿನಗಳಲ್ಲಿ ಕಂಗೆಡುವ ಮನೆಯವರಿಗೆ ಹೇಳಬೇಕಾದುದು ಇಷ್ಟು: ಎರಡನೆಯ ಸಲ ಕೊಡುವ ನಿರ್ಧಾರಕ್ಕೆ ವೈದ್ಯರು ಸಾಮಾನ್ಯವಾಗಿ ಸುಮಾರು 6 ತಿಂಗಳು ಕಾಯುವರು.

ಇಳಿತವು ಸಾಮಾನ್ಯವಾಗಿ ಒಂದೆರಡು ತಿಂಗಳುಗಳಲ್ಲಿ ಸ್ಪಷ್ಟವಾಗುವುದು. ಇಲ್ಲಿ ಇನ್ನೊಂದು ಭ್ರಾಂತಿಗೆ ಅವಕಾಶವಿದೆ. ಮಿದುಳಿನ ಕೆಳಗಿನ ಪಿಟ್ಯುಟರಿ ಗ್ರಂಥಿಯು ಟಿ.ಎಸ್.ಎಚ್. ಎಂಬುದನ್ನು ಕಳುಹಿಸಿ ಥೈರಾಯಿಡನ್ನು ಪ್ರೇರಿಸುವುದು. ಹಾರ್ಮೋನು ಹೆಚ್ಚಾದಾಗ ತಾನು ಸುಮ್ಮನಾಗುವುದು. ಬಹುಕಾಲ ಸುಮ್ಮನಿದ್ದ ಅದು, ಥೈರಾಕ್ಸಿನ್ ಇಳಿದೊಡನೆ ಏಳದು. ವಾರಗಳು, ಕೆಲವೊಮ್ಮೆ ತಿಂಗಳುಗಳು ಹಿಡಿಯುವುವು. ಆ ನಡುವೆ ಟಿ.ಎಸ್.ಎಚ್. ಒಂದನ್ನೇ ನೋಡಿದವನು, ಅದು ಕಡಮೆಯಿರುವುದರಿಂದ ರೋಗವಿನ್ನೂ ಇದೆಯೆನ್ನುವನು; ರೋಗಿಯು ಅಷ್ಟರಲ್ಲಿ ಚಳಿ, ಜಡತೆ, ಮಲಬದ್ಧತೆಗಳಿಂದ ಬಳಲುತ್ತಿರಬಹುದು. ಆದುದರಿಂದ ಮೊದಲ ತಿಂಗಳುಗಳಲ್ಲಿ ಥೈರಾಯಿಡಿನ ಹಾರ್ಮೋನುಗಳನ್ನೂ ಅಳೆಯುವರು.

ಈ ಕೊರತೆಯೂ ಕೆಲವರಲ್ಲಿ ತಾತ್ಕಾಲಿಕ. ಉಳಿದ ಜೀವಕೋಶಗಳು ಚೇತರಿಸಿಕೊಂಡು ಹಾರ್ಮೋನು ಸಮಸ್ಥಿತಿಗೆ ಮರಳುವುದು. ಬಹುಮಂದಿಗೆ ಬೇಗನೆಯೋ ವರ್ಷಗಳ ಮೇಲೋ ಅದು ಶಾಶ್ವತವಾಗುವುದು. ಅವರು ದಿನವೂ ಸೇವಿಸುವ ಗುಳಿಗೆಯು, 1914ರಲ್ಲಿ ಎಡ್ವರ್ಡ್ ಕೆಂಡಾಲರು ಗ್ರಂಥಿಯಿಂದ ಬೇರ್ಪಡಿಸಿದ ಥೈರಾಕ್ಸಿನ್ನೇ. ಈಗ ಅದನ್ನು ಪ್ರಯೋಗಶಾಲೆಯ ವಿಧಾನದಿಂದ ತಯಾರಿಸುವರು.